ಪ್ರತಿ ತಿಂಗಳು ತಾರೀಕು ಬದಲಿಸಿದರೆ ಗೂಗಲ್‌ನಲ್ಲಿ ಮೇಲೆ ಬರುತ್ತೇವಾ?

ಪ್ರಶ್ನೆ: ಮೂರು ವರ್ಷದ ಹಿಂದೆ, ಮನೆಯೊಳಗೆ ಬೆಳೆಸುವ ಗಿಡಗಳ ಬಗ್ಗೆ ವರ್ಡ್‌ಪ್ರೆಸ್ ಎಂಬ ತಂತ್ರಾಂಶದಲ್ಲಿ ಒಂದು ವೆಬ್‌ಸೈಟ್ ಮಾಡಿದೆ. ಈಗ ಸುಮಾರು 120 ಪುಟಗಳಿವೆ. ಮೊದಲ ಎರಡು ವರ್ಷ ಗೂಗಲ್‌ನಲ್ಲಿ ಒಳ್ಳೆಯ ಜಾಗ ಸಿಕ್ಕಿತ್ತು. ಕಳೆದ ಎಂಟು ತಿಂಗಳಿಂದ ಓದುಗರು ಕಡಿಮೆಯಾಗುತ್ತಾ ಬಂದಿದ್ದಾರೆ. ನಾನು ಏನನ್ನೂ ಬದಲಾಯಿಸಿಲ್ಲ. ಪರಿಚಯದವರೊಬ್ಬರು ಹೇಳುವುದು ಹೀಗೆ: ಪ್ರತಿ ತಿಂಗಳು ಎಲ್ಲ ಪುಟಗಳ ತಾರೀಕು ಹೊಸದು ಮಾಡಬೇಕು, ಅಲ್ಲೊಂದು ಇಲ್ಲೊಂದು ಪದ ಬದಲಿಸಬೇಕು, ಸೈಟ್‌ಮ್ಯಾಪನ್ನು (ಸೈಟಿನ ಪುಟಗಳ ವಿಳಾಸದ ಪಟ್ಟಿ) ಮತ್ತೆ ಮತ್ತೆ ಕಳಿಸುತ್ತಿರಬೇಕು, ಆಗ ಮಾತ್ರ ಸೈಟ್ ಜೀವಂತ ಇದೆ ಎಂದು ಗೂಗಲ್‌ಗೆ ಗೊತ್ತಾಗುತ್ತದೆ. ಇದು ನಿಜವಾ? ನಿಯಮಿತವಾಗಿ ಏನು ಮಾಡುತ್ತಿರಬೇಕು?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಒಂದು ಸಾಲು ಇದೆ, “ನಾನು ಏನನ್ನೂ ಬದಲಾಯಿಸಿಲ್ಲ”. ಈ ಕೆಲಸಕ್ಕೆ ಬಂದ ಮೇಲೆ ಈ ಮಾತನ್ನು ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಅವರು ಹೇಳುವುದು ನಿಜವೇ. ಆದರೆ ಬೀಗ ಹಾಕಿ ಹೋದ ಮನೆಯಲ್ಲೂ ಧೂಳು ಕೂರುತ್ತದೆ, ಗೆದ್ದಲು ಹತ್ತುತ್ತದೆ, ಅಲ್ವಾ? ಈ ಮೂರು ವರ್ಷದಲ್ಲಿ ಪ್ಲಗಿನ್‌ಗಳು, ಅಂದರೆ ವರ್ಡ್‌ಪ್ರೆಸ್‌ಗೆ ಸೇರಿಸಿಕೊಂಡ ಚಿಕ್ಕ ತಂತ್ರಾಂಶಗಳು, ಹಳೆಯದಾಗಿರುತ್ತವೆ. ನೀವು ಲಿಂಕ್ ಕೊಟ್ಟಿದ್ದ ಹೊರಗಿನ ಪುಟಗಳಲ್ಲಿ ಕೆಲವು ಮಾಯವಾಗಿರುತ್ತವೆ. ಅಮೆರಿಕದ ಸಂಶೋಧನಾ ಸಂಸ್ಥೆ ಪ್ಯೂ ರಿಸರ್ಚ್ ಸೆಂಟರ್ 2024ರಲ್ಲಿ ಲೆಕ್ಕ ಹಾಕಿದಂತೆ, 2013ರಲ್ಲಿ ಇದ್ದ ವೆಬ್ ಪುಟಗಳಲ್ಲಿ ಶೇಕಡಾ 38ರಷ್ಟು ಹತ್ತು ವರ್ಷ ಕಳೆಯುವಷ್ಟರಲ್ಲಿ ಸಿಗುತ್ತಿರಲಿಲ್ಲ. ಇತ್ತ ನೀವು ಬರೆದ ವಿಷಯಕ್ಕೇ ಇನ್ನೂ ಚೆನ್ನಾಗಿ, ಒಳ್ಳೆಯ ಫೋಟೋ ಹಾಕಿ ಬರೆದವರು ಬಂದಿರುತ್ತಾರೆ. ಜನ ಹುಡುಕುವ ರೀತಿಯೂ ಬದಲಾಗಿರುತ್ತದೆ. ಸೈಟ್ ನಿಂತಲ್ಲೇ ನಿಂತಿದೆ, ಸುತ್ತಲಿನದು ಮುಂದೆ ಹೋಗಿದೆ.

ಹಾಗಾಗಿ ನಿರ್ವಹಣೆ ಬೇಕೇ ಬೇಕು. ಆದರೆ ನಿಮ್ಮ ಪರಿಚಯದವರು ಹೇಳಿದ ಥರದ್ದು ಬೇಡ.

ತಾರೀಕಿನ ವಿಷಯ ಮೊದಲು ಮುಗಿಸುತ್ತೇನೆ. ಸೈಟ್ ನಡೆಸುವವರು ತಮಗೆ ತಾವೇ ಕೇಳಿಕೊಳ್ಳಲಿ ಎಂದು ಗೂಗಲ್ ಒಂದಷ್ಟು ಪ್ರಶ್ನೆಗಳನ್ನು ಪ್ರಕಟಿಸಿದೆ. ಅದರಲ್ಲಿ ಇದೇ ಪ್ರಶ್ನೆ ಇದೆ: ಒಳಗಿನ ವಿಷಯ ಹೇಳಿಕೊಳ್ಳುವಷ್ಟು ಬದಲಾಗದೇ ಇದ್ದರೂ ಪುಟ ಹೊಸದಾಗಿ ಕಾಣಲಿ ಅಂತ ತಾರೀಕು ಬದಲಿಸುತ್ತಿದ್ದೀರಾ? ಇನ್ನೊಂದು ಪ್ರಶ್ನೆ, ಸೈಟ್ ತಾಜಾ ಅನ್ನಿಸಲಿ ಎಂದು ರಾಶಿ ರಾಶಿ ಹೊಸ ಪುಟ ಸೇರಿಸುವುದು ಇಲ್ಲವೇ ಹಳೆಯದನ್ನು ತೆಗೆಯುವುದು ಮಾಡುತ್ತಿದ್ದೀರಾ ಎಂಬುದು. ಅದರ ಪಕ್ಕದಲ್ಲೇ, ಇದರಿಂದ ಉಪಯೋಗ ಆಗುವುದಿಲ್ಲ ಎಂದು ಅವರೇ ಬರೆದಿದ್ದಾರೆ. ಹೊಸತನ ಲೆಕ್ಕಕ್ಕೆ ಬರುವ ಹುಡುಕಾಟಗಳೂ ಇವೆ, ಸುಳ್ಳಲ್ಲ. ಪಂದ್ಯದ ಫಲಿತಾಂಶ, ಹೊಸ ಫೋನು, ನಿಯಮ ಬದಲಾವಣೆ, ಇಂಥವಕ್ಕೆ ಇವತ್ತಿನ ಪುಟವೇ ಬೇಕು. ಆದರೆ “ಗಿಡದ ಎಲೆ ಯಾಕೆ ಹಳದಿಯಾಗುತ್ತಿದೆ” ಎಂದು ಹುಡುಕುವವರಿಗೆ ಪುಟ ನಿನ್ನೆಯದಾದರೇನು, ನಾಲ್ಕು ವರ್ಷದ ಹಿಂದಿನದಾದರೇನು? ಉತ್ತರ ಸರಿ ಇದ್ದರೆ ಸಾಕು. ನಿಮ್ಮ ಪುಟಗಳಲ್ಲಿ ಮುಕ್ಕಾಲು ಪಾಲು ಇದೇ ಜಾತಿಯವು ಇರಬೇಕು.

ಸೈಟ್‌ಮ್ಯಾಪ್ ಕಥೆಯೂ ಹಾಗೆಯೇ. ಸೈಟ್‌ಮ್ಯಾಪ್ ಬದಲಾಗಿದೆ ಎಂದು ಗೂಗಲ್‌ಗೆ ಹೊರಗಿನಿಂದ ಕೂಗಿ ಹೇಳುವ ಒಂದು ವಿಳಾಸ ಮೊದಲು ಇತ್ತು. ಅದನ್ನು ತೆಗೆಯುತ್ತೇವೆ ಎಂದು 2023ರಲ್ಲಿ ಅವರೇ ಹೇಳಿ ತೆಗೆದರು. ಸೈಟ್ ನಡೆಸುವವರಿಗೆ ಗೂಗಲ್ ಕೊಡುವ ಸರ್ಚ್ ಕನ್ಸೋಲ್ ಎಂಬ ಸಾಧನದಲ್ಲಿ ಒಮ್ಮೆ ಕೊಟ್ಟರೆ ಮುಗಿಯಿತು, ಆಮೇಲೆ ಅವರೇ ಬಂದು ಓದುತ್ತಾರೆ. ಒಂದು ಫೈಲಿನಲ್ಲಿ 50,000 ವಿಳಾಸಗಳ ತನಕ ಹಾಕಬಹುದು, ನಿಮ್ಮ 120 ಯಾವ ಲೆಕ್ಕ. ಸೈಟ್‌ಮ್ಯಾಪ್‌ನಲ್ಲಿ ಪುಟದ ಮಹತ್ವ ಎಷ್ಟು, ಎಷ್ಟು ಸಲ ಬದಲಾಗುತ್ತದೆ ಎಂದು ಬರೆಯುವ ಜಾಗಗಳಿವೆಯಲ್ಲ, ಅವೆರಡನ್ನೂ ಗೂಗಲ್ ನೋಡುವುದೇ ಇಲ್ಲ. ಕೊನೆಯ ಸಲ ಬದಲಾದ ತಾರೀಕನ್ನು ಮಾತ್ರ ನೋಡುತ್ತದೆ, ಅದೂ ನಂಬುವಂತಿದ್ದರೆ. ಇದನ್ನು ಒತ್ತಿ ಹೇಳಬೇಕು. ಪ್ರತಿ ತಿಂಗಳು ಸುಮ್ನೆ ಎಲ್ಲ ಪುಟಗಳ ತಾರೀಕು ಬದಲಿಸಿದರೆ, ನಿಮ್ಮ ತಾರೀಕು ನಂಬುವಂಥದ್ದಲ್ಲ ಎಂದು ಗೂಗಲ್ ತೀರ್ಮಾನಿಸಿ ಅದನ್ನು ಕಡೆಗಣಿಸಬಹುದು. ಆಮೇಲೆ ನೀವು ನಿಜವಾಗಿಯೂ ಕೂತು ತಿದ್ದಿದ ಪುಟ ಬಂದಾಗ ಅದನ್ನು ಹೇಳಿಕೊಳ್ಳಲು ದಾರಿ ಇರುವುದಿಲ್ಲ. ಅಂದರೆ ಆ ಸಲಹೆಯಿಂದ ಲಾಭ ಇಲ್ಲದಿರುವುದಷ್ಟೇ ಅಲ್ಲ, ನಷ್ಟವೂ ಇದೆ.

ಈಗ ನಿಮ್ಮ ಎಂಟು ತಿಂಗಳ ಕುಸಿತಕ್ಕೆ ಬರೋಣ. ಏನನ್ನಾದರೂ ಸರಿ ಮಾಡುವ ಮೊದಲು ಏನು ಕೆಟ್ಟಿದೆ ಎಂದು ನೋಡಬೇಕು. ಜಾಸ್ತಿ ಜನ ಇಲ್ಲೇ ತಪ್ಪುವುದು. ಕುಸಿತ ಕಂಡ ಕೂಡಲೇ ಥೀಮ್ (ಸೈಟಿನ ವಿನ್ಯಾಸ) ಬದಲಿಸುತ್ತಾರೆ, ಶೀರ್ಷಿಕೆಗಳನ್ನೆಲ್ಲ ತಿದ್ದುತ್ತಾರೆ, ನಾಲ್ಕು ಹೊಸ ಪ್ಲಗಿನ್ ಹಾಕುತ್ತಾರೆ, ಆಮೇಲೆ ಏನಾದರೂ ಆದರೆ ಯಾವುದರಿಂದ ಆಯಿತು ಎಂದು ಯಾರಿಗೂ ಗೊತ್ತಾಗುವುದಿಲ್ಲ.

ಗೂಗಲ್ ಸರ್ಚ್ ಕನ್ಸೋಲ್ ತೆರೆಯಿರಿ. ದುಡ್ಡು ಕೊಡಬೇಕಿಲ್ಲ, ಮತ್ತು ನಿಮ್ಮ ಸೈಟಿನ ಬಗ್ಗೆ ಗೂಗಲ್ ತಾನೇ ಹೇಳುವ ಮಾತು ಅಲ್ಲಿ ಸಿಗುತ್ತದೆ. ಪರ್ಫಾರ್ಮೆನ್ಸ್ ವಿಭಾಗದಲ್ಲಿ 16 ತಿಂಗಳ ಮಾಹಿತಿ ಇರುತ್ತದೆ. ಅದಕ್ಕಿಂತ ಹಳೆಯದು ಉಳಿಯುವುದಿಲ್ಲ, ಆದ್ದರಿಂದ ಇವತ್ತೇ ಒಮ್ಮೆ ಇಳಿಸಿಟ್ಟುಕೊಳ್ಳಿ, ಮುಂದೆಯೂ ಮೂರು ತಿಂಗಳಿಗೊಮ್ಮೆ ಇಳಿಸಿಕೊಳ್ಳುತ್ತಿರಿ. ಗಿಡಗಳ ವಿಷಯದಲ್ಲಿ ಹುಡುಕಾಟ ಋತುವಿನ ಜೊತೆ ಏರಿಳಿಯುತ್ತದೆ. ಹಾಗಾಗಿ ಈ ತಿಂಗಳನ್ನು ಹಿಂದಿನ ತಿಂಗಳ ಜೊತೆ ಹೋಲಿಸಿ ಗಾಬರಿಯಾಗಬೇಡಿ. ಹೋದ ವರ್ಷದ ಇದೇ ತಿಂಗಳ ಜೊತೆ ಹೋಲಿಸಿ.

ಗ್ರಾಫಿನ ಆಕಾರ ನೋಡಿ. ಒಂದೇ ದಿನ ಅಥವಾ ಒಂದೆರಡು ದಿನದಲ್ಲಿ ಬಂಡೆಯ ಅಂಚಿನಿಂದ ಬಿದ್ದ ಹಾಗೆ ಕಾಣುತ್ತಿದೆಯಾ, ಅಥವಾ ಇಳಿಜಾರಿನಲ್ಲಿ ಮೆಲ್ಲಗೆ ಇಳಿದಿದೆಯಾ? ಥಟ್ಟನೆ ಬಿದ್ದಿದ್ದರೆ ಕಾರಣ ಸಾಮಾನ್ಯವಾಗಿ ತಾಂತ್ರಿಕವಾಗಿರುತ್ತದೆ. ಯಾವುದೋ ಸೆಟ್ಟಿಂಗ್ ತಪ್ಪಿದೆ, ಸರ್ವರ್ ಸರಿಯಾಗಿ ಉತ್ತರ ಕೊಡುತ್ತಿಲ್ಲ, ಸೈಟ್ ಹ್ಯಾಕ್ ಆಗಿದೆ. ಇಲ್ಲದಿದ್ದರೆ ಆ ಸಮಯಕ್ಕೆ ಗೂಗಲ್‌ನ ಕೋರ್ ಅಪ್‌ಡೇಟ್ ಬಂದಿರುತ್ತದೆ. ವರ್ಷಕ್ಕೆ ಕೆಲವು ಸಲ ಇಂಥ ದೊಡ್ಡ ಬದಲಾವಣೆ ಮಾಡುತ್ತಾರೆ, ಶುರುವಾದ ಮತ್ತು ಮುಗಿದ ತಾರೀಕುಗಳನ್ನು ಸರ್ಚ್ ಸ್ಟೇಟಸ್ ಡ್ಯಾಶ್‌ಬೋರ್ಡ್‌ನಲ್ಲಿ ಹಾಕುತ್ತಾರೆ. ನಿಮ್ಮ ಕುಸಿತದ ದಿನವನ್ನು ಆ ತಾರೀಕುಗಳ ಪಕ್ಕ ಇಟ್ಟು ನೋಡಿ. ಇಳಿಜಾರಾಗಿದ್ದರೆ ವಿಷಯ ಬೇರೆ. ಪುಟಗಳು ಹಳೆಯದಾಗಿವೆ, ಬೇರೆಯವರು ಮುಂದೆ ಹೋಗಿದ್ದಾರೆ, ಅಥವಾ ಆ ವಿಷಯ ಹುಡುಕುವವರೇ ಕಡಿಮೆಯಾಗಿದ್ದಾರೆ. ನೀವು “ಕಡಿಮೆಯಾಗುತ್ತಾ ಬಂದಿದ್ದಾರೆ” ಎಂದು ಬರೆದಿರುವುದರಿಂದ ನಿಮ್ಮದು ಎರಡನೆಯ ಥರದ್ದು ಇರಬಹುದು ಅನ್ನಿಸುತ್ತದೆ, ಆದರೂ ಕಣ್ಣಾರೆ ನೋಡಿ ಖಚಿತ ಮಾಡಿಕೊಳ್ಳಿ.

ಆಮೇಲೆ ನಾಲ್ಕು ಅಂಕಿಗಳನ್ನು ಬಿಡಿಬಿಡಿಯಾಗಿ ನೋಡಿ: ಕ್ಲಿಕ್, ಇಂಪ್ರೆಶನ್ (ಫಲಿತಾಂಶದಲ್ಲಿ ನಿಮ್ಮ ಪುಟ ಎಷ್ಟು ಸಲ ಕಂಡಿತು), ಕ್ಲಿಕ್ಕಿನ ಶೇಕಡಾವಾರು, ಸರಾಸರಿ ಸ್ಥಾನ. ಸ್ಥಾನ ಇದ್ದಲ್ಲೇ ಇದೆ, ಇಂಪ್ರೆಶನ್ ಕಡಿಮೆಯಾಗಿದೆ ಅಂದರೆ ಹುಡುಕುವವರೇ ಕಡಿಮೆಯಾಗಿದ್ದಾರೆ, ನಿಮ್ಮ ತಪ್ಪೇನೂ ಇಲ್ಲ. ಇಂಪ್ರೆಶನ್ನೂ ಸ್ಥಾನವೂ ಹಾಗೇ ಇದ್ದು ಕ್ಲಿಕ್ ಮಾತ್ರ ಇಳಿದಿದ್ದರೆ, ಫಲಿತಾಂಶದ ಪುಟವೇ ಬದಲಾಗಿರುತ್ತದೆ. ಮೇಲೆ ಎಐ ಬರೆದ ಸಾರಾಂಶ ಬಂದು ಕೂತಿರಬಹುದು, ವಿಡಿಯೊ ಸಾಲು ಬಂದಿರಬಹುದು. ಅದೇ ಪದವನ್ನು ನೀವೇ ಹುಡುಕಿ ನೋಡಿ. ಇಂಥ ಕಡೆ ಒಂದೇ ಸಾಲಿನಲ್ಲಿ ಉತ್ತರ ಮುಗಿಯುವ ಪುಟಗಳಿಗೆ ಪೆಟ್ಟು ಬೀಳುತ್ತದೆ, ಫೋಟೋ ಮತ್ತು ಸ್ವಂತ ಅನುಭವ ಇರುವ ಪುಟಕ್ಕೆ ಜನ ಒಳಗೆ ಬರಲು ಇನ್ನೂ ಕಾರಣ ಇರುತ್ತದೆ. ಸ್ಥಾನವೇ ಇಳಿದಿದ್ದರೆ ಯಾವ ಯಾವ ಪುಟದ್ದು ಇಳಿದಿದೆ ಎಂದು ಪುಟಗಳ ಪಟ್ಟಿ ತೆರೆಯಿರಿ. ನಾನು ನೋಡಿದ ಸೈಟುಗಳಲ್ಲಿ ಎಷ್ಟೋ ಸಲ ಎಲ್ಲ ಪುಟಗಳೂ ಒಟ್ಟಿಗೆ ಬಿದ್ದಿರುವುದಿಲ್ಲ. ಏಳೆಂಟು ಪುಟ ಬಿದ್ದಿರುತ್ತವೆ, ಬಂದ ಓದುಗರಲ್ಲಿ ಹೆಚ್ಚಿನವರು ಬರುತ್ತಿದ್ದುದೂ ಅವಕ್ಕೇ ಆಗಿರುತ್ತದೆ. ಹಾಗಿದ್ದರೆ ಕೆಲಸ ಎಷ್ಟು ಹಗುರವಾಯಿತು ನೋಡಿ.

ಪೇಜ್ ಇಂಡೆಕ್ಸಿಂಗ್ ವರದಿಯನ್ನೂ ತಿಂಗಳಿಗೊಮ್ಮೆ ತೆರೆಯಿರಿ. ಗೂಗಲ್ ತನ್ನ ಹುಡುಕಾಟದ ಪಟ್ಟಿಗೆ ಪುಟವನ್ನು ಸೇರಿಸಿಕೊಳ್ಳುವುದಕ್ಕೆ ಇಂಡೆಕ್ಸ್ ಮಾಡುವುದು ಎನ್ನುತ್ತಾರೆ. ಅಲ್ಲಿ “ಇಂಡೆಕ್ಸ್ ಆಗಿಲ್ಲ” ಎನ್ನುವ ಸಂಖ್ಯೆ ದೊಡ್ಡದಾಗಿ ಕಾಣುತ್ತದೆ, ಹೆದರಬೇಡಿ. ರೀಡೈರೆಕ್ಟ್ ಆದ (ಬಂದವರನ್ನು ಬೇರೆ ವಿಳಾಸಕ್ಕೆ ಕಳಿಸುವ) ಹಳೆಯ ವಿಳಾಸ, ವರ್ಡ್‌ಪ್ರೆಸ್ ತಾನೇ ಹುಟ್ಟಿಸುವ ಫೀಡ್ ವಿಳಾಸ, ಇವೆಲ್ಲ ಅಲ್ಲಿ ಇರಬೇಕಾದವೇ. ನೋಡಬೇಕಾದದ್ದು ಏನೆಂದರೆ, ನಿಮಗೆ ಮುಖ್ಯವಾದ ಪುಟ ಯಾವುದಾದರೂ ಆ ಪಟ್ಟಿಗೆ ಸೇರಿದೆಯಾ ಎಂಬುದು. ಗೂಗಲ್ ಬಂದು ಓದಿದೆ ಆದರೆ ಸದ್ಯಕ್ಕೆ ಇಂಡೆಕ್ಸ್ ಮಾಡಿಲ್ಲ ಎಂದಿದ್ದರೆ, ಆ ಪುಟದಲ್ಲಿ ಬೇರೆಡೆ ಸಿಗದಿರುವುದು ಏನಿದೆ ಎಂದು ನೀವೇ ಪ್ರಾಮಾಣಿಕವಾಗಿ ಓದಿ ನೋಡಬೇಕು. ನೋಇಂಡೆಕ್ಸ್ (ಈ ಪುಟವನ್ನು ಇಂಡೆಕ್ಸ್ ಮಾಡಬೇಡ ಎಂಬ ಸೂಚನೆ) ಕಾರಣಕ್ಕೆ ಹೊರಗಿದೆ ಎಂದಿದ್ದರೆ, ಅದನ್ನು ಹಾಕಿದ್ದು ಯಾರು ಎಂದು ಹುಡುಕಬೇಕು.

ಇಲ್ಲಿ ಒಂದು ಘಟನೆ ಹೇಳಲೇಬೇಕು. ಒಂದು ಸೈಟಿಗೆ ಹೊಸ ರೂಪ ಕೊಡಲಾಯಿತು. ಕೆಲಸ ನಡೆಯುವಾಗ ಯಾರ ಕಣ್ಣಿಗೂ ಬೀಳಬಾರದು ಎಂದು ವರ್ಡ್‌ಪ್ರೆಸ್‌ನ ರೀಡಿಂಗ್ ಸೆಟ್ಟಿಂಗ್‌ನಲ್ಲಿ, ಸರ್ಚ್ ಎಂಜಿನ್‌ಗಳು ಈ ಸೈಟನ್ನು ಇಂಡೆಕ್ಸ್ ಮಾಡದಿರಲಿ ಎನ್ನುವ ಚೌಕಕ್ಕೆ ಗುರುತು ಹಾಕಿದ್ದರು. ಹೊಸ ಸೈಟ್ ತೆರೆದಾಗ ಆ ಗುರುತು ತೆಗೆಯಲು ಮರೆತರು. ಸೈಟ್ ಚೆನ್ನಾಗಿಯೇ ತೆರೆಯುತ್ತಿತ್ತು, ಎಲ್ಲರೂ ಮೆಚ್ಚಿಕೊಂಡರು. ನನಗೆ ಕರೆ ಬಂದಾಗ ಆರು ವಾರ ಕಳೆದಿತ್ತು, ಪುಟಗಳು ಒಂದೊಂದಾಗಿ ಗೂಗಲ್‌ನಿಂದ ಹೊರಗೆ ಹೋಗಿದ್ದವು. ಒಂದು ಗುರುತು ತೆಗೆಯಲು ಎರಡು ಸೆಕೆಂಡ್, ಹಳೆಯ ಜಾಗಕ್ಕೆ ವಾಪಸ್ ಬರಲು ತಿಂಗಳುಗಳು. ಅವತ್ತಿನಿಂದ ಯಾವುದೇ ಸೈಟಿನಲ್ಲಿ ಥೀಮ್ ಅಥವಾ ಹೋಸ್ಟಿಂಗ್ ಬದಲಾದರೆ ನಾನು ಮೊದಲು ನೋಡುವುದು ಈ ಚೌಕ, ಆಮೇಲೆ ರೋಬಾಟ್ಸ್ ಫೈಲು.

ರೋಬಾಟ್ಸ್ ಫೈಲಿನಲ್ಲಿ ತಡೆದರೆ ಪುಟ ಗೂಗಲ್‌ನಲ್ಲಿ ಕಾಣುವುದಿಲ್ಲ ಎಂಬ ತಪ್ಪು ತಿಳಿವಳಿಕೆ ತುಂಬಾ ಇದೆ. ಈ ಪದ್ಧತಿ 1994ರಿಂದ ಇದೆ, ಕ್ರಾಲರ್‌ಗೆ (ಸರ್ಚ್ ಎಂಜಿನ್ ಪರವಾಗಿ ಪುಟಗಳನ್ನು ಓದುತ್ತಾ ಹೋಗುವ ತಂತ್ರಾಂಶ) ಇಲ್ಲಿ ಬಾ, ಅಲ್ಲಿ ಬರಬೇಡ ಎಂದು ಹೇಳುವುದಷ್ಟೇ ಅದರ ಕೆಲಸ. ಒಂದು ಪುಟ ಗೂಗಲ್‌ನಲ್ಲಿ ಕಾಣಬಾರದು ಎಂದರೆ ಪುಟದೊಳಗೆ ನೋಇಂಡೆಕ್ಸ್ ಹಾಕಬೇಕು. ಕೆಲವರು ಎರಡನ್ನೂ ಮಾಡುತ್ತಾರೆ. ಆಗ ಏನಾಗುತ್ತದೆ ಅಂದರೆ ಬಾಗಿಲಲ್ಲೇ ತಡೆದಿರುವುದರಿಂದ ಗೂಗಲ್ ಒಳಗೆ ಬಂದು ನೋಇಂಡೆಕ್ಸ್ ಓದುವುದೇ ಇಲ್ಲ, ಬೇರೆ ಯಾರಾದರೂ ಲಿಂಕ್ ಕೊಟ್ಟಿದ್ದರೆ ಆ ವಿಳಾಸ ಫಲಿತಾಂಶದಲ್ಲಿ ಹಾಗೇ ಕಾಣುತ್ತಿರುತ್ತದೆ.

ಮುರಿದ ಲಿಂಕ್‌ಗಳು. 404 (“ಪುಟ ಸಿಗಲಿಲ್ಲ” ಎಂಬ ಉತ್ತರ) ಇದ್ದರೆ ಗೂಗಲ್ ಇಡೀ ಸೈಟನ್ನು ಶಿಕ್ಷಿಸುತ್ತದೆ ಎನ್ನುವುದು ಸುಳ್ಳು. ಇಲ್ಲದ ಪುಟಕ್ಕೆ ಇಲ್ಲ ಎಂದು ಹೇಳುವುದು ಸರಿಯಾದ ಉತ್ತರವೇ. ನಷ್ಟ ಆಗುವುದು ಬೇರೆ ಕಡೆ. ನಿಮ್ಮ ಒಳ್ಳೆಯ ಪುಟವೊಂದಕ್ಕೆ ಹೊರಗಿನ ಹತ್ತು ಜನ ಲಿಂಕ್ ಕೊಟ್ಟಿರುತ್ತಾರೆ, ನೀವು ಆ ಪುಟದ ವಿಳಾಸ ಬದಲಿಸುತ್ತೀರಿ, ಆ ಹತ್ತೂ ಲಿಂಕ್‌ಗಳ ಬಲ ನೀರಿನಲ್ಲಿ ಹೋಮ ಮಾಡಿದ ಹಾಗಾಗುತ್ತದೆ. ವಿಳಾಸ ಬದಲಿಸಲೇಬೇಕಾದರೆ ಹಳೆಯದರಿಂದ ಹೊಸದಕ್ಕೆ 301 ರೀಡೈರೆಕ್ಟ್ (ವಿಳಾಸ ಶಾಶ್ವತವಾಗಿ ಬದಲಾಗಿದೆ ಎಂಬ ಸೂಚನೆ) ಹಾಕಿ, ಕನಿಷ್ಠ ಒಂದು ವರ್ಷ ಇಡಿ ಎಂದು ಗೂಗಲ್ ಹೇಳುತ್ತದೆ. ನನ್ನ ಕೇಳಿದರೆ ತೆಗೆಯುವ ಅಗತ್ಯವೇ ಇಲ್ಲ, ಇರಲಿ ಬಿಡಿ. ರೀಡೈರೆಕ್ಟಿನ ಮೇಲೆ ರೀಡೈರೆಕ್ಟ್ ಆಗಿ ಸರಪಳಿ ಬೆಳೆದಿದ್ದರೆ ಅದನ್ನು ಬಿಚ್ಚಿ, ಮೊದಲ ವಿಳಾಸದಿಂದ ಕೊನೆಯದಕ್ಕೆ ನೇರ ಕಳಿಸಿ. ಅಳಿಸಿದ ಪುಟಗಳನ್ನೆಲ್ಲ ಮುಖಪುಟಕ್ಕೆ ತಿರುಗಿಸುವ ಅಭ್ಯಾಸ ಮಾತ್ರ ಬೇಡ. ಕುಂಡ ಬದಲಿಸುವುದು ಹೇಗೆ ಎಂದು ಕೇಳಿಕೊಂಡು ಬಂದವರನ್ನು ಮುಖಪುಟದಲ್ಲಿ ನಿಲ್ಲಿಸಿದರೆ ಅವರಿಗೂ ಉಪಯೋಗ ಇಲ್ಲ, ಗೂಗಲ್ ಕೂಡ ಅದನ್ನು 404 ಎಂದೇ ಎಣಿಸಬಹುದು.

ಸೈಟನ್ನು ರಿಪೇರಿಗೆ ಅಂತ ಮುಚ್ಚುವಾಗ ಸರ್ವರ್ 503 (“ಸದ್ಯಕ್ಕೆ ಸಿಗುವುದಿಲ್ಲ”) ಎಂದು ಉತ್ತರಿಸುವಂತೆ ನೋಡಿಕೊಳ್ಳಿ. ಆಗ ಗೂಗಲ್ ಆಮೇಲೆ ಬರುತ್ತದೆ. ಆದರೆ ಒಂದೆರಡು ದಿನಕ್ಕಿಂತ ಹೆಚ್ಚು ಎಳೆಯಬೇಡಿ, ಪುಟಗಳು ಉದುರಲು ಶುರುವಾಗುತ್ತವೆ.

ಸುರಕ್ಷತೆಯನ್ನು ಜನ ಸರ್ಚ್ ರ‍್ಯಾಂಕಿಂಗ್‌ಗೆ ಸಂಬಂಧ ಇಲ್ಲದ ವಿಷಯ ಎಂದುಕೊಳ್ಳುತ್ತಾರೆ. ನಾನು ನೋಡಿದ ಅತಿ ಕೆಟ್ಟ ಕುಸಿತಗಳು ಬಂದದ್ದು ಇಲ್ಲಿಂದಲೇ. ಒಂದು ಸೈಟ್ ನಡೆಸುವವರು, ಎಲ್ಲವೂ ಸರಿಯಾಗಿದೆ ಆದರೂ ಗೂಗಲ್‌ನಲ್ಲಿ ಬಿದ್ದಿದ್ದೇವೆ ಎಂದು ಬಂದರು. ತೆರೆದು ನೋಡಿದರೆ ನಿಜಕ್ಕೂ ಸರಿಯಾಗಿತ್ತು. ಆಮೇಲೆ ಗೂಗಲ್‌ನಲ್ಲಿ ಸೈಟ್ ಎಂಬ ಇಂಗ್ಲಿಷ್ ಪದ ಬರೆದು, ಕೋಲನ್ ಹಾಕಿ, ಜಾಗ ಬಿಡದೆ ಅವರ ಡೊಮೇನ್ ಹೆಸರು ಹಾಕಿ ಹುಡುಕಿದೆ. ಅವರು ಬರೆಯದ ಸಾವಿರಾರು ಪುಟ ಬಂದವು, ಎಲ್ಲ ಜಪಾನಿ ಅಕ್ಷರಗಳಲ್ಲಿ, ನಕಲಿ ಬ್ರ್ಯಾಂಡ್ ಮಾಲು ಮಾರುವ ಪುಟಗಳು. ಒಳಗೆ ನುಗ್ಗಿದವರು ಗೂಗಲ್‌ನ ಕ್ರಾಲರ್ ಆದ ಗೂಗಲ್‌ಬಾಟ್ ಬಂದರೆ ಒಂದು ತೋರಿಸುವಂತೆ, ಮನುಷ್ಯರು ಬಂದರೆ ಇನ್ನೊಂದು ತೋರಿಸುವಂತೆ ಮಾಡಿಟ್ಟಿದ್ದರು. ಹಾಗಾಗಿ ಮಾಲೀಕರಿಗೆ ತಿಂಗಳುಗಟ್ಟಲೆ ಗೊತ್ತೇ ಆಗಿರಲಿಲ್ಲ. ದಾರಿಯಾಗಿದ್ದು ಒಂದು ಪ್ಲಗಿನ್, ಎರಡು ವರ್ಷದಿಂದ ಅಪ್‌ಡೇಟ್ ಮಾಡದೆ ಬಿಟ್ಟದ್ದು. ಬಳಸದೇ ಇದ್ದರೂ ಅಳಿಸಿರಲಿಲ್ಲ.

ಈ ಹುಡುಕಾಟ ಒಂದು ನಿಮಿಷದ ಕೆಲಸ. ವಾರಕ್ಕೊಮ್ಮೆ ಮಾಡಿ. ಸರ್ಚ್ ಕನ್ಸೋಲ್‌ನ ಸೆಕ್ಯುರಿಟಿ ಇಶ್ಯೂಸ್ ವಿಭಾಗವನ್ನೂ ನೋಡಿ. ಅನುಮಾನ ಬಂದ ಪುಟವನ್ನು ಯುಆರ್‌ಎಲ್ ಇನ್‌ಸ್ಪೆಕ್ಷನ್‌ನಲ್ಲಿ ಹಾಕಿದರೆ ಗೂಗಲ್‌ಗೆ ಅದು ಹೇಗೆ ಕಾಣುತ್ತದೆ ಎಂದು ತಿಳಿಯುತ್ತದೆ. ವರ್ಡ್‌ಪ್ರೆಸ್, ಥೀಮ್, ಪ್ಲಗಿನ್ ಅಪ್‌ಡೇಟ್‌ಗಳನ್ನು ತಡ ಮಾಡಬೇಡಿ, ಬೇಡದ ಪ್ಲಗಿನ್ ನಿಲ್ಲಿಸಿದರೆ ಸಾಲದು, ಕಿತ್ತು ಹಾಕಿ. ಅಪ್‌ಡೇಟ್‌ಗೆ ಮೊದಲು ಬ್ಯಾಕಪ್ ತೆಗೆಯಿರಿ, ಮತ್ತು ಆ ಬ್ಯಾಕಪ್ ಅದೇ ಸರ್ವರ್‌ನಲ್ಲಿ ಇರಬಾರದು. ವರ್ಷಕ್ಕೆ ಎರಡು ಸಲವಾದರೂ ಬ್ಯಾಕಪ್‌ನಿಂದ ಸೈಟನ್ನು ಬೇರೆ ಕಡೆ ಎಬ್ಬಿಸಿ ನೋಡಿ. ತೆರೆದು ನೋಡದ ಬ್ಯಾಕಪ್ ಇದೆಯೋ ಇಲ್ಲವೋ ಎಂದು ಗೊತ್ತಾಗುವುದು ಬೇಕಾದ ದಿನವೇ.

ಡೊಮೇನ್ ಮತ್ತು ಎಚ್‌ಟಿಟಿಪಿಎಸ್ ಪ್ರಮಾಣಪತ್ರದ (ಸೈಟಿನ ಸಂಪರ್ಕ ಸುರಕ್ಷಿತ ಎಂದು ಬ್ರೌಸರ್‌ಗೆ ತೋರಿಸುವುದು) ಅವಧಿ ತಾನಾಗಿಯೇ ನವೀಕರಣ ಆಗುವಂತೆ ಇಡಿ. ಉಚಿತವಾಗಿ ಸಿಗುವ ಲೆಟ್ಸ್ ಎನ್‌ಕ್ರಿಪ್ಟ್ ಪ್ರಮಾಣಪತ್ರ ಸಾಮಾನ್ಯವಾಗಿ 90 ದಿನದ್ದು. ಬೇರೆಯವುಗಳ ಅವಧಿಯೂ ಕುಗ್ಗುತ್ತಿದೆ. ಪ್ರಮಾಣಪತ್ರ ಕೊಡುವವರು ಮತ್ತು ಬ್ರೌಸರ್ ಮಾಡುವವರು ಸೇರಿದ ಸಿಎ ಬ್ರೌಸರ್ ಫೋರಂ 2025ರಲ್ಲಿ ತೀರ್ಮಾನಿಸಿದಂತೆ ಗರಿಷ್ಠ ಅವಧಿ 2026ರ ಮಾರ್ಚ್ 15ರಿಂದ 200 ದಿನ, 2027ರ ಅದೇ ದಿನದಿಂದ 100 ದಿನ, 2029ರಿಂದ 47 ದಿನ. ಕೈಯಾರೆ ನೆನಪಿಟ್ಟು ಮಾಡುವ ಕಾಲ ಮುಗಿಯಿತು.

ವೇಗದ ಬಗ್ಗೆ ಸ್ವಲ್ಪ ಹೇಳುತ್ತೇನೆ, ಏಕೆಂದರೆ ಇಲ್ಲಿ ಜನ ಬೇಕಾದ್ದಕ್ಕಿಂತ ಜಾಸ್ತಿ ತಲೆ ಕೆಡಿಸಿಕೊಳ್ಳುತ್ತಾರೆ. ಗೂಗಲ್ ನೋಡುವುದು ಮೂರು ಅಳತೆ, ಕೋರ್ ವೆಬ್ ವೈಟಲ್ಸ್ ಎನ್ನುತ್ತಾರೆ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು. ಓದುವಾಗ ಪುಟ ಜಿಗಿಯಬಾರದು, ಅದರ ಅಳತೆ 0.1 ದಾಟಬಾರದು. ಒತ್ತಿದ ಕೂಡಲೇ ಪುಟ ಸ್ಪಂದಿಸಬೇಕು, 200 ಮಿಲಿಸೆಕೆಂಡಿನೊಳಗೆ. ಈ ಮೂರನೆಯದು 2024ರ ಮಾರ್ಚ್ 12ರಂದು ಹಳೆಯ ಅಳತೆಯೊಂದರ ಜಾಗಕ್ಕೆ ಬಂತು. ಹಾಗಾಗಿ ನೀವು ಸೈಟ್ ಕಟ್ಟಿದಾಗ ಹಸಿರು ಬಣ್ಣ ತೋರಿಸಿದ್ದರೂ ಈಗ ಕೆಂಪು ಇರಬಹುದು, ಏನೂ ಬದಲಾಯಿಸದೆಯೇ. ಇವನ್ನು ನಿಜವಾದ ಓದುಗರ ಭೇಟಿಗಳಿಂದ ಲೆಕ್ಕ ಹಾಕುತ್ತಾರೆ, ನಾಲ್ಕರಲ್ಲಿ ಮೂರು ಭೇಟಿಗಳಾದರೂ ಈ ಮಿತಿಯೊಳಗೆ ಬರಬೇಕು, 28 ದಿನಗಳ ಮಾಹಿತಿ ಒಟ್ಟು ಮಾಡಿ ನೋಡುತ್ತಾರೆ. ಇವತ್ತು ಸರಿ ಮಾಡಿ ನಾಳೆ ವರದಿ ನೋಡಿದರೆ ಏನೂ ಕಾಣುವುದಿಲ್ಲ.

ಗಿಡಗಳ ಸೈಟಿನಲ್ಲಿ ತೊಂದರೆ ಹೆಚ್ಚಾಗಿ ಫೋಟೋಗಳದ್ದೇ. ಕ್ಯಾಮೆರಾದಿಂದ ಇಳಿಸಿದ ದೊಡ್ಡ ಫೋಟೋವನ್ನು ಹಾಗೇ ಹಾಕಿರುತ್ತಾರೆ. ಬೇಕಾದ ಅಗಲಕ್ಕೆ ಚಿಕ್ಕದು ಮಾಡಿ, ವೆಬ್‌ಪಿ ಎಂಬ ಹಗುರ ಫೋಟೋ ರೂಪಕ್ಕೆ ತನ್ನಿ. ಪ್ರತಿ ಫೋಟೋದ ಅಗಲ ಎತ್ತರ ಕೋಡಿನಲ್ಲಿ ಇರಲಿ, ಆಗ ಪುಟ ಜಿಗಿಯುವುದು ನಿಲ್ಲುತ್ತದೆ. ಮೇಲ್ಗಡೆಯ ಮೊದಲ ದೊಡ್ಡ ಫೋಟೋಗೆ ಮಾತ್ರ ಲೇಜಿ ಲೋಡಿಂಗ್ (ಓದುಗರು ಹತ್ತಿರ ಬಂದಾಗಷ್ಟೇ ಫೋಟೋ ತರಿಸುವುದು) ಹಾಕಬೇಡಿ, ಅದು ತಡವಾದರೆ ಇಡೀ ಪುಟ ತಡವಾದಂತೆಯೇ. ಇಷ್ಟಾದರೆ ಬಹಳಷ್ಟು ಮುಗಿಯಿತು. ನೂರಕ್ಕೆ ನೂರು ಅಂಕ ಬೇಕು ಎಂದು ವಾರಗಟ್ಟಲೆ ಕೂರಬೇಡಿ. ವೇಗ ಚೆನ್ನಾಗಿದೆ ಎಂಬ ಒಂದೇ ಕಾರಣಕ್ಕೆ ಟೊಳ್ಳು ಪುಟ ಮೇಲೆ ಹೋಗುವುದಿಲ್ಲ. ಗೂಗಲ್ ಈಗ ಓದುವುದು ಮೊಬೈಲ್ ರೂಪವನ್ನೇ, ಆ ಬದಲಾವಣೆ 2023ರಲ್ಲಿ ಪೂರ್ತಿಯಾಯಿತು. ಆದ್ದರಿಂದ ತಿಂಗಳಿಗೊಮ್ಮೆ ನಿಮ್ಮದೇ ಫೋನಿನಲ್ಲಿ ನಾಲ್ಕು ಪುಟ ತೆರೆದು ಪೂರ್ತಿ ಓದಿ. ಕಂಪ್ಯೂಟರಿನಲ್ಲಿ ಕಾಣುವ, ಯಾವ ಗಿಡಕ್ಕೆ ಎಷ್ಟು ನೀರು ಎಂಬ ಪಟ್ಟಿ ಫೋನಿನಲ್ಲಿ ಇಲ್ಲವೇ ಇಲ್ಲ ಎಂದಾದರೆ ಗೂಗಲ್ ಪಾಲಿಗೂ ಅದು ಇಲ್ಲ.

ಈಗ ಎಲ್ಲಕ್ಕಿಂತ ಮುಖ್ಯವಾದ ಕೆಲಸ, ಹಳೆಯ ಪುಟಗಳನ್ನು ತಿದ್ದುವುದು. ನಿಮ್ಮ ಸಮಯದಲ್ಲಿ ಅರ್ಧಕ್ಕಿಂತ ಹೆಚ್ಚು ಇಲ್ಲಿಗೆ ಕೊಡಿ.

120 ಪುಟಗಳನ್ನೂ ಮುಟ್ಟಬೇಡಿ. ಎರಡು ಗುಂಪು ಆರಿಸಿ. ಒಂದು, ಮೊದಲು ಚೆನ್ನಾಗಿದ್ದು ಈಗ ಇಳಿದಿರುವ ಪುಟಗಳು. ಇನ್ನೊಂದು, ಸರಾಸರಿ ಸ್ಥಾನ ಐದರಿಂದ ಹದಿನೈದರ ನಡುವೆ ಇರುವವು. ಮೇಲಕ್ಕೆ ಬರಲು ಇವಕ್ಕೆ ಸ್ವಲ್ಪವೇ ಬಲ ಸಾಕು. ಒಂದು ಪುಟ ಆರಿಸಿ, ಅದಕ್ಕೆ ಯಾವ ಯಾವ ಪದಗಳಿಂದ ಜನ ಬರುತ್ತಿದ್ದಾರೆ ಎಂದು ಸರ್ಚ್ ಕನ್ಸೋಲ್‌ನಲ್ಲಿ ತೆರೆಯಿರಿ. ಇಲ್ಲಿ ನಿಮಗೆ ಆಶ್ಚರ್ಯ ಕಾದಿರುತ್ತದೆ. ನೀವು “ಮನಿ ಪ್ಲಾಂಟ್ ಬೆಳೆಸುವುದು” ಎಂದು ಬರೆದಿರುತ್ತೀರಿ, ಜನ “ಮನಿ ಪ್ಲಾಂಟ್ ಎಲೆ ತುದಿ ಕಂದು” ಎಂದು ಹುಡುಕಿ ಬರುತ್ತಿರುತ್ತಾರೆ, ನಿಮ್ಮ ಪುಟದಲ್ಲಿ ಆ ವಿಷಯ ಒಂದೇ ಒಂದು ಸಾಲು ಇರುತ್ತದೆ. ಅಂಥವರು ಬಂದು, ಸಿಗದೆ, ವಾಪಸ್ ಹೋಗುತ್ತಿದ್ದಾರೆ. ಆ ಒಂದು ಸಾಲನ್ನು ನಾಲ್ಕು ಪ್ಯಾರಾ ಮಾಡಿ. ಕಾರಣಗಳು ಯಾವುವು, ಒಂದನ್ನು ಇನ್ನೊಂದರಿಂದ ಹೇಗೆ ಗುರುತಿಸುವುದು, ನೀವು ನಿಮ್ಮ ಗಿಡಕ್ಕೆ ಏನು ಮಾಡಿದಿರಿ, ಎಷ್ಟು ದಿನದಲ್ಲಿ ಹೊಸ ಎಲೆ ಬಂತು. ಮೊದಲು ಮತ್ತು ಆಮೇಲೆ ತೆಗೆದ ನಿಮ್ಮದೇ ಫೋಟೋ ಹಾಕಿ. ಇಂಥದ್ದನ್ನು ಇನ್ನೊಬ್ಬರ ಪುಟ ನೋಡಿ ಬರೆಯಲು ಆಗುವುದಿಲ್ಲ, ಅದೇ ಅದರ ಬೆಲೆ.

ಆಮೇಲೆ ಆ ಹುಡುಕಾಟಕ್ಕೆ ಈಗ ಮೇಲಿರುವ ಮೂರು ಪುಟಗಳನ್ನು ಓದಿ. ನಕಲು ಮಾಡಲು ಅಲ್ಲ, ಅವರು ಕೊಟ್ಟಿದ್ದು ನೀವು ಕೊಡದೇ ಇರುವುದು ಏನು ಎಂದು ತಿಳಿಯಲು. ತಪ್ಪಾದ ಮಾಹಿತಿ, ಈಗ ಸಿಗದ ಔಷಧಿ, ಸತ್ತ ಲಿಂಕ್ ಇದ್ದರೆ ತೆಗೆಯಿರಿ. ಇಷ್ಟು ಕೆಲಸ ಮಾಡಿದ ಮೇಲೆ ತಾರೀಕು ಬದಲಿಸಿ, ಆಗ ಅದು ನಿಜವಾದ ತಾರೀಕು. ಪುಟದ ವಿಳಾಸ ಮಾತ್ರ ಮುಟ್ಟಬೇಡಿ. ಮುಂದೆ ಬರೆಯುವಾಗಲೂ ವಿಳಾಸದಲ್ಲಿ ವರ್ಷ ಹಾಕಬೇಡಿ, ಮರುವರ್ಷ ಅದೇ ಹೊರೆಯಾಗುತ್ತದೆ.

ಮೂರು ವರ್ಷ ಬರೆದ ಸೈಟಿನಲ್ಲಿ ಒಂದೇ ವಿಷಯಕ್ಕೆ ಎರಡು ಮೂರು ಪುಟ ಇರುವುದು ಸಾಮಾನ್ಯ. “ನೀರು ಎಷ್ಟು ಹಾಕಬೇಕು” ಎಂದೊಂದು, “ಗಿಡಕ್ಕೆ ನೀರು ಹಾಕುವ ಕ್ರಮ” ಎಂದು ಇನ್ನೊಂದು. ಒಂದೇ ಹುಡುಕಾಟಕ್ಕೆ ಒಮ್ಮೆ ಇದು, ಒಮ್ಮೆ ಅದು ಬರುತ್ತಿರುತ್ತದೆ, ಎರಡೂ ಗಟ್ಟಿಯಾಗಿ ನಿಲ್ಲುವುದಿಲ್ಲ. ಚೆನ್ನಾಗಿರುವುದನ್ನು ಉಳಿಸಿಕೊಳ್ಳಿ, ಇನ್ನೊಂದರಲ್ಲಿ ಇರುವ ಒಳ್ಳೆಯ ಭಾಗ ಇದಕ್ಕೆ ಸೇರಿಸಿ, ಆ ವಿಳಾಸವನ್ನು ಇದಕ್ಕೆ 301 ಮಾಡಿ. ಹಾಗೆಯೇ, ಹೊಸ ಪುಟ ಬರೆದಾಗಲೆಲ್ಲ ಅದಕ್ಕೆ ಸಂಬಂಧಪಟ್ಟ ಎರಡು ಮೂರು ಹಳೆಯ ಪುಟಗಳಿಗೆ ಹೋಗಿ ಅಲ್ಲಿಂದ ಲಿಂಕ್ ಕೊಡಿ. ಹೊಸದರಿಂದ ಹಳೆಯದಕ್ಕೆ ಎಲ್ಲರೂ ಕೊಡುತ್ತಾರೆ, ಹಳೆಯದರಿಂದ ಹೊಸದಕ್ಕೆ ಕೊಡುವುದನ್ನು ಮರೆಯುತ್ತಾರೆ. ಗೂಗಲ್ ಹೊಸ ಪುಟ ಹುಡುಕಿಕೊಳ್ಳುವುದು ಹೆಚ್ಚಾಗಿ ಈ ದಾರಿಯಲ್ಲೇ.

ಅನುಮಾನಾಸ್ಪದ ಸೈಟುಗಳಿಂದ ಲಿಂಕ್ ಬಂದಿದೆ, ಅದನ್ನು ಪ್ರತಿ ತಿಂಗಳು ಡಿಸ್‌ಅವೋ ಮಾಡಬೇಕು (ಆ ಲಿಂಕ್ ಲೆಕ್ಕಕ್ಕೆ ಹಿಡಿಯಬೇಡಿ ಎಂದು ಗೂಗಲ್‌ಗೆ ಹೇಳಬೇಕು) ಎಂದು ಯಾರಾದರೂ ಹೇಳಬಹುದು. ಬೇಡ. ಹೆಚ್ಚಿನ ಸೈಟುಗಳಿಗೆ ಆ ಸಾಧನದ ಅಗತ್ಯವೇ ಇಲ್ಲ ಎಂದು ಗೂಗಲ್ ಹೇಳಿದೆ. ನೀವು ದುಡ್ಡು ಕೊಟ್ಟು ಲಿಂಕ್ ತರಿಸಿಕೊಂಡಿಲ್ಲ ಅಂದರೆ ಆ ಕಡೆ ತಲೆ ಹಾಕಬೇಡಿ.

ಒಂದು ನೋಟ್‌ಪುಸ್ತಕ ಇಟ್ಟುಕೊಳ್ಳಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ತಾರೀಕು, ಯಾವ ಪುಟ, ಏನು ಬದಲಿಸಿದೆ, ಯಾಕೆ. ಪ್ಲಗಿನ್ ಅಪ್‌ಡೇಟ್ ಮಾಡಿದ್ದೂ ಅದರಲ್ಲಿ ಇರಲಿ. ಕೆಲವು ಬದಲಾವಣೆಗಳ ಪರಿಣಾಮ ಕೆಲವೇ ಗಂಟೆಗಳಲ್ಲಿ ಕಾಣಬಹುದು, ಕೆಲವಕ್ಕೆ ತಿಂಗಳುಗಳೇ ಬೇಕು. ಮೂರು ತಿಂಗಳ ನಂತರ ಗ್ರಾಫ್ ಏರಿದಾಗ ಅವತ್ತು ಏನು ಮಾಡಿದ್ದೆ ಎಂದು ನೆನಪಿರುವುದಿಲ್ಲ, ಪುಸ್ತಕದಲ್ಲಿ ಇರುತ್ತದೆ. ಇದೇ ಕಾರಣಕ್ಕೆ ಒಂದೇ ಪುಟದಲ್ಲಿ ಐದು ಬದಲಾವಣೆ ಒಟ್ಟಿಗೆ ಮಾಡಿ ನಾಲ್ಕು ದಿನಕ್ಕೆ ಮತ್ತೆ ತಿದ್ದಬೇಡಿ. ಕೆಲವು ವಾರ ಬಿಟ್ಟು ನೋಡಿ.

ಸಮಯದ ಲೆಕ್ಕ ಹೇಳುವುದಾದರೆ ನಿಮ್ಮಷ್ಟು ದೊಡ್ಡ ಸೈಟಿಗೆ ವಾರಕ್ಕೆ ಹದಿನೈದು ನಿಮಿಷ ಸಾಕು, ಅಪ್‌ಡೇಟ್‌ಗಳಿಗೆ ಮತ್ತು ಆ ಒಂದು ನಿಮಿಷದ ಹುಡುಕಾಟಕ್ಕೆ. ತಿಂಗಳಿಗೊಮ್ಮೆ ಒಂದು ಬೆಳಗ್ಗೆ ಸರ್ಚ್ ಕನ್ಸೋಲ್ ವರದಿಗಳಿಗೆ ಮತ್ತು ಎರಡು ಹಳೆಯ ಪುಟ ತಿದ್ದಲು. ಎರಡೇ ಎರಡು, ಆದರೆ ಪೂರ್ತಿಯಾಗಿ. ವರ್ಷಕ್ಕೆ 24 ಪುಟ ಆಯಿತು. ಹೊಸದು ಬರೆಯಬೇಕು ಅನ್ನಿಸಿದರೆ ಬರೆಯಿರಿ, ತಿಂಗಳ ಲೆಕ್ಕ ತುಂಬಿಸಲು ಬರೆಯಬೇಡಿ.

ಈ ವಾರ ಮಾಡಬೇಕಾದದ್ದು ಮೂರೇ ಕೆಲಸ. ಆ ರೀಡಿಂಗ್ ಸೆಟ್ಟಿಂಗ್ ಚೌಕ ನೋಡಿ. ಡೊಮೇನ್ ಹುಡುಕಾಟ ಮಾಡಿ, ನೀವು ಬರೆಯದ ಪುಟ ಇದೆಯಾ ಪರೀಕ್ಷಿಸಿ. ಆಮೇಲೆ 16 ತಿಂಗಳ ಮಾಹಿತಿ ಇಳಿಸಿಕೊಂಡು, ಅತಿ ಹೆಚ್ಚು ಕ್ಲಿಕ್ ಕಳೆದುಕೊಂಡ ಹತ್ತು ಪುಟಗಳ ಪಟ್ಟಿ ಮಾಡಿ. ಗ್ರಾಫ್ ಥಟ್ಟನೆ ಬಿದ್ದಿದ್ದರೆ ಬಿದ್ದ ದಿನದ ತಾರೀಕು, ಮೆಲ್ಲಗೆ ಇಳಿದಿದ್ದರೆ ಆ ಹತ್ತು ಪುಟಗಳ ಹೆಸರು ಬರೆದು ಕಳಿಸಿ. ಮೊದಲು ಯಾವುದನ್ನು ಹಿಡಿಯಬೇಕು ಎಂದು ಒಂದೊಂದಾಗಿ ನೋಡೋಣ.